ಕರಗಿದ ಮೇಣ, ಉಳಿದ ದೀಪ

(ಕಾರ್ತಿಕ ಮಾಸದ ದೀಪೋತ್ಸವದ ನಿಮಿತ್ತ ನೀಡಿದ ಉಪನ್ಯಾಸದ ಬರಹ ರೂಪ)



ಮಾತು ಆರಂಭಿಸುವ ಮೊದಲು ಈ ಮೇಜಿನ ಮೇಲಿರುವ ದೀಪವನ್ನು ನೀವೆಲ್ಲ ಒಮ್ಮೆ ನೋಡಬೇಕು. ಒಂದು ಗೇಣು ಎತ್ತರದ ಹಿತ್ತಾಳೆಯ ಆನೆ. ಬೆನ್ನ ಮೇಲೆ ಅಂಬಾರಿ ಇರಬೇಕಾದ ಕಡೆ ಒಂದು ಹಣತೆ, ಎತ್ತಿದ ಸೊಂಡಿಲ ತುದಿಯಲ್ಲಿ ಇನ್ನೊಂದು ಪುಟ್ಟ ಹಣತೆ. ಕಾಲುಗಳು ಮೈಗೆ ತಕ್ಕಂತಿಲ್ಲ, ಕಣ್ಣು ತೀರ ದೊಡ್ಡದು, ಬಾಲ ಹಗ್ಗದ ಹಾಗಿದೆ. ಆದರೂ ಇದು ಆನೆಯೇ ಎಂಬುದರಲ್ಲಿ ಯಾರಿಗೂ ಸಂಶಯ ಬರುವುದಿಲ್ಲ. ಹತ್ತಿರ ಬಂದು ಬೆರಳಾಡಿಸಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಇದರ ಮೈ ನುಣುಪಾಗಿಲ್ಲ. ದಾರ ಸುತ್ತಿದ ಬುಗುರಿಯಂತೆ ಮೈತುಂಬ ಗೆರೆಗಳಿವೆ. ಹಿತ್ತಾಳೆಯಲ್ಲಿ ದಾರ ಎಲ್ಲಿಂದ ಬಂತು? ಇಂದಿನ ಮಾತಿನ ಅರ್ಧ ಭಾಗ ಈ ಪ್ರಶ್ನೆಗೆ ಉತ್ತರ.

ಉಳಿದ ಅರ್ಧಕ್ಕೆ ಕಾರಣವಾದ ಒಂದು ಘಟನೆಯನ್ನು ಮೊದಲು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಕರಕುಶಲ ಮೇಳದಲ್ಲಿ, ಬಸ್ತರಿನಿಂದ ಬಂದಿದ್ದ ಕುಶಲಕರ್ಮಿಯೊಬ್ಬರ ಬಳಿ ಇಂಥದೇ ಒಂದು ದೀಪ ಕೊಂಡೆ. ಮನೆಗೆ ತಂದು, ಎಣ್ಣೆ ಹಾಕಿ, ಬತ್ತಿ ಹಚ್ಚಿದೆ. ಬೆಳಿಗ್ಗೆ ನೋಡಿದರೆ ಕೆಳಗೆ ಹಾಸಿದ್ದ ಬಟ್ಟೆಯೆಲ್ಲ ಎಣ್ಣೆ. ಹಣತೆಯ ತಳದಲ್ಲಿ ಸೂಜಿಮೊನೆಯಷ್ಟು ತೂತು ಇತ್ತು. ಸಿಟ್ಟಿನಿಂದ ಮರುದಿನವೇ ದೀಪವನ್ನು ಮೇಳಕ್ಕೆ ಒಯ್ದೆ. ಅವರು ಜಗಳಕ್ಕೂ ಬರಲಿಲ್ಲ, ಸಮಜಾಯಿಷಿಯನ್ನೂ ಕೊಡಲಿಲ್ಲ. ಆಶ್ಚರ್ಯದಿಂದ ನನ್ನ ಮುಖ ನೋಡಿ, “ಎಣ್ಣೆ ಹಾಕಿದಿರಾ?” ಎಂದು ಹಿಂದಿಯಲ್ಲಿ ಕೇಳಿದರು. ದೀಪಕ್ಕೆ ಎಣ್ಣೆ ಹಾಕದೆ ಇನ್ನೇನು ಹಾಕಬೇಕು ಎಂದೆ. “ಇಲ್ಲಿ ಯಾರೂ ಹಾಕುವುದಿಲ್ಲ ಸಾಹೇಬರೆ, ಕಪಾಟಿನಲ್ಲಿ ಇಡುತ್ತಾರೆ” ಎಂದರು. ಆಮೇಲೆ ಒಂದು ಚೊಂಬು ನೀರು ತರಿಸಿ, ಅಂಗಡಿಯಲ್ಲಿದ್ದ ದೀಪಗಳ ಹಣತೆಗಳಿಗೆಲ್ಲ ತುಂಬಿ, ಕಾಗದದ ಮೇಲೆ ಸಾಲಾಗಿ ಇಟ್ಟರು. ಅರ್ಧ ಗಂಟೆಯ ನಂತರ ಅಡಿಯ ಕಾಗದ ನೆನೆಯದಿದ್ದ ದೀಪವೊಂದನ್ನು ಆರಿಸಿ, ತಮ್ಮ ಪಂಚೆಯಿಂದಲೇ ಒರೆಸಿ ನನ್ನ ಕೈಗಿತ್ತು, “ಇದು ಉರಿಸುವ ದೀಪ” ಎಂದರು. ಅದೇ ಈ ಆನೆ.

ದೀಪ ಉರಿಯಬೇಕೆಂಬುದನ್ನು ಅದನ್ನು ಮಾಡುವವರಿಗೂ ನೆನಪಿಸಬೇಕಾದ ಸ್ಥಿತಿ ಹೇಗೆ ಬಂತು ಎಂಬ ಯೋಚನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಈ ಕಸುಬಿಗೆ ಇಂದು ದೇಶದಾದ್ಯಂತ ‘ಡೋಕ್ರಾ’ ಎಂಬ ಹೆಸರು ರೂಢಿಯಲ್ಲಿದೆ. ಮೂಲತಃ ಇದು ಪೂರ್ವ ಭಾರತದಲ್ಲಿ ಊರಿಂದೂರಿಗೆ ಅಲೆಯುತ್ತ ಎರಕದ ಕೆಲಸ ಮಾಡುತ್ತಿದ್ದ ಒಂದು ಸಮುದಾಯದ ಹೆಸರು. ಪೇಟೆಯವರ ಬಾಯಲ್ಲಿ ಅದೇ ಇಡೀ ಕಲೆಯ ಹೆಸರಾಯಿತು. ಆಯಾ ಪ್ರದೇಶದಲ್ಲಿ ಕಸುಬುದಾರರ ಹೆಸರು ಬೇರೆ ಬೇರೆ. ಛತ್ತೀಸಗಢದ ಬಸ್ತರ್ ಸೀಮೆಯ ಕೊಂಡಾಗಾಂವ್ ಸುತ್ತಮುತ್ತ ಅವರು ‘ಘಡವಾ’ಗಳು. ರೂಪಿಸುವುದು ಎಂಬರ್ಥದ ‘ಘಡನಾ’ ಎಂಬ ಮಾತಿನಿಂದ ಬಂದ ಹೆಸರು ಇದು. ಒಡಿಶಾದ ಢೇಂಕಾನಾಲ್ ಜಿಲ್ಲೆಯ ಸದೈಬರೇಣಿಯಲ್ಲಿ, ಪಶ್ಚಿಮ ಬಂಗಾಳದ ಬಾಂಕುಡಾ ಬಳಿಯ ಬಿಕ್ನಾ ಹಾಗೂ ಬರ್ಧಮಾನ್ ಕಡೆಯ ದರಿಯಾಪುರದಲ್ಲಿ ಇವರ ಕೇರಿಗಳಿವೆ. ನಮಗೆ ಹತ್ತಿರದ ತೆಲಂಗಾಣದಲ್ಲಿ, ಹಳೆಯ ಆದಿಲಾಬಾದ್ ಜಿಲ್ಲೆಯ ಉಷೇಗಾಂವ್ ಮೊದಲಾದ ಹಳ್ಳಿಗಳಲ್ಲಿ, ಈ ಕೆಲಸ ಮಾಡುವವರನ್ನು ‘ವೋಜ’ ಎನ್ನುತ್ತಾರೆ. ಆ ಹೆಸರು ಕೇಳಿದಾಗ ಬೇಲೂರಿನ ಶಿಲ್ಪಿ ದಾಸೋಜನ ಹೆಸರಿನ ಕೊನೆಯಲ್ಲಿರುವ ‘ಓಜ’ ನೆನಪಾಗುತ್ತದೆ.

ಇನ್ನು ದಾರದ ಪ್ರಶ್ನೆಗೆ ಬರೋಣ.

ಆನೆಯ ಹುಟ್ಟು ಮಣ್ಣಿನಲ್ಲಿ. ಜೇಡಿಮಣ್ಣು, ಮರಳು, ಭತ್ತದ ಹೊಟ್ಟು, ಸಗಣಿ ಇವನ್ನು ಹದವಾಗಿ ಕಲಸಿ ಆನೆಯ ಒರಟು ಆಕಾರವನ್ನು ಮಾಡುತ್ತಾರೆ. ಇದು ಒಳತಿರುಳು. ಒಣಗಿದ ಮೇಲೆ ಇದರ ಮೈಯನ್ನು ನಯಗೊಳಿಸಬೇಕು. ಬಸ್ತರಿನಲ್ಲಿ ಅದಕ್ಕೆ ಅವರೆಯ ಜಾತಿಯ ಬಳ್ಳಿಯ ಹಸಿರೆಲೆಯನ್ನು ಹಾಕಿ ಉಜ್ಜುತ್ತಾರೆ. ಎಲೆಯ ರಸ ಮಣ್ಣಿಗೆ ಹಿಡಿದು ಮುಂದೆ ಸುತ್ತುವ ಮೇಣ ಅಂಟಿಕೊಳ್ಳಲು ಅನುಕೂಲವಾಗುತ್ತದೆ.

ಮೇಣವೆಂದರೆ ಕಾಡಿನ ಜೇನುಮೇಣ. ಅದನ್ನು ಕರಗಿಸಿ ಸೋಸಿ, ಕೆಲವು ಕಡೆ ಸಾಲವೃಕ್ಷದ ರಾಳ ಬೆರೆಸಿ, ಹದವಾದ ಬಿಸಿಯಲ್ಲಿ ಒಂದು ಕೊಳವೆಗೆ ತುಂಬಿ ಒತ್ತುತ್ತಾರೆ. ಕೊಳವೆಯ ತುದಿಯಲ್ಲಿ ಸಣ್ಣ ತೂತುಗಳ ಬಿಲ್ಲೆ. ನಮ್ಮ ಮನೆಗಳ ಶಾವಿಗೆ ಒರಳಿಗೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ. ಶಾವಿಗೆಯಂತೆಯೇ ಮೇಣದ ಎಳೆಗಳು ಹೊರಬರುತ್ತವೆ. ಆ ಎಳೆಗಳನ್ನು ಒಂದರ ಪಕ್ಕ ಒಂದು ಬರುವಂತೆ, ನಡುವೆ ಸಂದು ಬಿಡದೆ, ಮಣ್ಣಿನ ಆನೆಯ ಮೈಗೆಲ್ಲ ಸುತ್ತುತ್ತಾರೆ. ಕಣ್ಣು ಬೇಕಾದರೆ ಒಂದು ಮೇಣದ ಗುಂಡು, ಕೊರಳ ಹಾರ ಬೇಕಾದರೆ ಎರಡೆಳೆಯನ್ನು ಹೊಸೆದ ಹುರಿ, ಹಣತೆ ಬೇಕಾದರೆ ಸುರುಳಿ ಸುತ್ತಿದ ಬಟ್ಟಲು. ಹಿತ್ತಾಳೆಯಲ್ಲಿ ನೀವು ಕಾಣುವ ದಾರ ಇದೇ. ಸಣ್ಣ ದೀಪಕ್ಕೂ ಈ ಸುತ್ತುವ ಕೆಲಸ ದಿನಗಟ್ಟಲೆ ಹಿಡಿಯುತ್ತದೆ. ಮನೆಮಂದಿಯೆಲ್ಲ ಕೈಹಾಕುವುದೂ ಇಲ್ಲಿಯೇ.

ಮೇಣದ ಆನೆಗೆ ಈಗ ಮಣ್ಣಿನ ಹೊದಿಕೆ. ಮೊದಲ ಲೇಪ ಅತ್ಯಂತ ನುಣುಪಾದ ಮಣ್ಣಿನದು. ಅದು ಎಳೆ ಎಳೆಯ ನಡುವೆಯೂ ಇಳಿದು ಅಚ್ಚೊತ್ತಬೇಕು. ಅದರ ಮೇಲೆ ಹುತ್ತದ ಮಣ್ಣು, ಆ ಮೇಲೆ ಹೊಟ್ಟು ಬೆರೆಸಿದ ದಪ್ಪ ಮಣ್ಣು. ಹೊಟ್ಟು ಬೆಂಕಿಯಲ್ಲಿ ಸುಟ್ಟುಹೋಗಿ ಸಣ್ಣ ಸಣ್ಣ ರಂಧ್ರಗಳು ಉಳಿಯುವುದರಿಂದ ಒಳಗಿನ ಗಾಳಿ ಹೊರಬರಲು ದಾರಿಯಾಗುತ್ತದೆ. ಲೋಹ ಒಳಗಿಳಿಯಲು ಒಂದು ಬಾಯಿಯನ್ನೂ ಬಿಟ್ಟಿರುತ್ತಾರೆ. ಈಗ ಹೊರಗಿನಿಂದ ನೋಡಿದರೆ ಅದೊಂದು ಆಕಾರವಿಲ್ಲದ ಮಣ್ಣಿನ ಮುದ್ದೆ. ಒಳಗೆ ಆನೆ ಇದೆ ಎಂಬುದು ಮಾಡಿದವರಿಗೆ ಮಾತ್ರ ಗೊತ್ತು.

ಆ ಮುದ್ದೆಯನ್ನು ಬೆಂಕಿಗಿಟ್ಟಾಗ ಮೇಣ ಕರಗಿ ಹರಿದು ಹೋಗುತ್ತದೆ, ಉಳಿದದ್ದು ಸುಟ್ಟುಹೋಗುತ್ತದೆ. ಒಳತಿರುಳಿಗೂ ಹೊರ ಹೊದಿಕೆಗೂ ನಡುವೆ, ಮೇಣವಿದ್ದಷ್ಟೇ ದಪ್ಪದ ತೆರವು ಉಳಿಯುತ್ತದೆ. ಆ ತೆರವಿಗೆ ಕರಗಿದ ಹಿತ್ತಾಳೆಯನ್ನು ಹೊಯ್ಯುತ್ತಾರೆ. ಕೆಲವು ಕಡೆ ಮೂಸೆ ಬೇರೆ, ಅಚ್ಚು ಬೇರೆ. ಇನ್ನು ಕೆಲವು ಕಡೆ ಹಿತ್ತಾಳೆಯ ಚೂರುಗಳನ್ನು ಅಚ್ಚಿನ ಬಾಯಿಗೇ ಅಂಟಿಸಿದ ಮಣ್ಣಿನ ಬಟ್ಟಲಲ್ಲಿಟ್ಟು ಮುಚ್ಚಿ, ಲೋಹದ ಭಾಗ ಕೆಳಗಿರುವಂತೆ ಕುಲುಮೆಯಲ್ಲಿ ಕಾಯಿಸುತ್ತಾರೆ. ಲೋಹ ಕರಗಿದಾಗ ಇಡೀ ಮುದ್ದೆಯನ್ನು ಇಕ್ಕಳದಿಂದ ಎತ್ತಿ ತಲೆಕೆಳಗು ಮಾಡಿದರೆ ಲೋಹ ತಾನೇ ಒಳಗಿಳಿಯುತ್ತದೆ.

ಕುಲುಮೆಯ ಬಳಿ ಉಷ್ಣಮಾಪಕವಿಲ್ಲ. ಜ್ವಾಲೆಯ ಬಣ್ಣವೇ ಮಾಪಕ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಆದ್ದರಿಂದ ಹಿತ್ತಾಳೆ ಹದಕ್ಕೆ ಬಂದಾಗ ಸತುವಿನ ಆವಿ ಹೊತ್ತಿಕೊಂಡು ಹಸಿರು ಛಾಯೆಯ ಜ್ವಾಲೆಯೂ ಬಿಳಿಯ ಹೊಗೆಯೂ ಕಾಣಿಸುತ್ತವೆ. ರಸಾಯನಶಾಸ್ತ್ರ ಓದದಿದ್ದರೂ ಘಡವಾನ ಕಣ್ಣಿಗೆ ಈ ಗುರುತು ಗೊತ್ತು. ಅವಸರ ಮಾಡಿದರೆ ಲೋಹ ಅರ್ಧ ದಾರಿಯಲ್ಲೇ ಹೆಪ್ಪುಗಟ್ಟಿ ಆನೆಯ ಕಾಲು ಮೊಂಡಾಗುತ್ತದೆ. ಗಾಳಿ ಒಳಗೇ ಸಿಕ್ಕಿಕೊಂಡರೆ ಸೂಜಿಮೊನೆಯಷ್ಟು ತೂತು ಉಳಿಯುತ್ತದೆ. ನನ್ನ ಮೊದಲ ದೀಪದಲ್ಲಿ ಎಣ್ಣೆ ಸೋರಿದ್ದು ಹೀಗೆ.

ತಣಿದ ಮೇಲೆ ಮಣ್ಣನ್ನು ಒಡೆಯುತ್ತಾರೆ. ಅಚ್ಚು ಪುಡಿಯಾಗುತ್ತದೆ, ಮೇಣದ ಮೂಲರೂಪ ಆಗಲೇ ಕರಗಿ ಹೋಗಿದೆ. ಇನ್ನೊಂದು ದೀಪ ಬೇಕೆಂದರೆ ಮತ್ತೆ ಮಣ್ಣು ಕಲಸಬೇಕು, ಮತ್ತೆ ಎಳೆ ಸುತ್ತಬೇಕು. ಹೀಗಾಗಿ ಈ ಆನೆಗೆ ಅವಳಿ ಇಲ್ಲ.

ಮೇಣ ಕರಗಿಸಿ ಎರಕ ಹೊಯ್ಯುವ ಈ ಉಪಾಯ ಬಹು ಪುರಾತನ. ಮೊಹೆಂಜೊದಾರೊದಲ್ಲಿ 1926ರಲ್ಲಿ ಸಿಕ್ಕ ‘ನರ್ತಕಿ’ ಎಂಬ ಪುಟ್ಟ ಕಂಚಿನ ವಿಗ್ರಹವನ್ನು ನೀವು ಪಠ್ಯಪುಸ್ತಕಗಳಲ್ಲಿ ನೋಡಿದ್ದೀರಿ. ಎತ್ತರ ಹತ್ತೂವರೆ ಸೆಂಟಿಮೀಟರ್, ವಯಸ್ಸು ಸುಮಾರು 4500 ವರ್ಷ. ಅದೂ ಇದೇ ತತ್ತ್ವದಿಂದ ಆದದ್ದು. ಹಾಗೆಂದು ಬಸ್ತರಿನವರು ಮೊಹೆಂಜೊದಾರೊದವರ ನೇರ ವಂಶಜರು ಎಂದು ಜಾಹೀರಾತುಗಳಲ್ಲಿ ಬರೆಯುವಂತೆ ನಾವು ಹೇಳಬೇಕಾಗಿಲ್ಲ. ತತ್ತ್ವ ಒಂದೇ ಆದರೂ ಕೈಗಳು ಬೇರೆ, ಮಾದರಿಗಳು ಬೇರೆ. ಚೋಳರ ಕಾಲದ ನಟರಾಜ ವಿಗ್ರಹಗಳೂ ಮೇಣದಿಂದಲೇ ಹುಟ್ಟಿದವು. ಆದರೆ ಅವು ಒಳತಿರುಳಿಲ್ಲದ ಘನ ಎರಕ. ಡೋಕ್ರಾದಲ್ಲಿ ಒಳಗೆ ಮಣ್ಣು ಇರುವುದರಿಂದ ಲೋಹದ ಉಳಿತಾಯ. ಬಡವರ ಹಳ್ಳಿಗೆ ಇದು ತಕ್ಕ ವಿದ್ಯೆ.

ಈ ವಿದ್ಯೆಯ ಅತ್ಯಂತ ಸ್ಪಷ್ಟವಾದ ಹಳೆಯ ವಿವರಣೆಗಳಲ್ಲೊಂದು ಕನ್ನಡ ನೆಲದ ಅರಸನದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’. ಅಡುಗೆಯಿಂದ ಆನೆ ಹಿಡಿಯುವವರೆಗೆ ಎಲ್ಲವನ್ನೂ ಹೇಳುವ ಆ ವಿಶ್ವಕೋಶದಲ್ಲಿ ಮೇಣದ ಎರಕದ ಕ್ರಮವೂ ಇದೆ. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಒಂದಿಷ್ಟು ಉಪ್ಪು ಇವನ್ನು ನುಣ್ಣಗೆ ಅರೆದು ಮಣ್ಣಿಗೆ ಬೆರೆಸಬೇಕು. ಮೊದಲ ಲೇಪ ತೆಳುವಾಗಿರಬೇಕು, ನೆರಳಲ್ಲಿ ಒಣಗಿಸಬೇಕು. ದಿನ ಬಿಟ್ಟು ಎರಡನೆಯದು, ಕೊನೆಗೆ ದಪ್ಪನೆಯ ಮೂರನೆಯದು ಎಂದು ಅದು ವಿಧಿಸುತ್ತದೆ. ಮೂಸೆ ತೆಂಗಿನಕಾಯಿಯ ಆಕಾರದ್ದು. ಲೋಹದ ಲೆಕ್ಕವೂ ಉಂಟು: ತಾಮ್ರ, ಹಿತ್ತಾಳೆಗಳಾದರೆ ಮೇಣದ ತೂಕದ ಎಂಟು ಪಟ್ಟು, ಬೆಳ್ಳಿಗೆ ಹನ್ನೆರಡು, ಚಿನ್ನಕ್ಕೆ ಹದಿನಾರು. ಮೇಣ ನೀರಿಗಿಂತ ತುಸು ಹಗುರ, ಹಿತ್ತಾಳೆ ನೀರಿಗಿಂತ ಸುಮಾರು ಎಂಟೂವರೆ ಪಟ್ಟು ಭಾರ. ಆದ್ದರಿಂದ ಈ ಎಂಟರ ಲೆಕ್ಕ ಬಹುಮಟ್ಟಿಗೆ ಸರಿ. ಇಂದಿನ ಕುಶಲಕರ್ಮಿಯೂ ಮೇಣವನ್ನು ತೂಗಿ, ಅದರ ಎಂಟು ಹತ್ತು ಪಟ್ಟು ಲೋಹ ತೆಗೆದುಕೊಳ್ಳುತ್ತಾನೆ. ಅರಮನೆಯಲ್ಲಿ ಶ್ಲೋಕವಾದದ್ದು ಕಾಡಿನಂಚಿನ ಹಳ್ಳಿಯಲ್ಲಿ ಬಾಯಿಲೆಕ್ಕವಾಗಿ ಉಳಿದಿದೆ. ಇದು ಬರೀ ಹಳೆಯ ಮಾತೂ ಅಲ್ಲ. ಜೆಟ್ ವಿಮಾನದ ಎಂಜಿನ್ನಿನೊಳಗೆ ತಿರುಗುವ ಟರ್ಬೈನ್ ಅಲಗುಗಳನ್ನೂ ದಂತವೈದ್ಯರು ಹಲ್ಲಿಗೆ ಹಾಕುವ ಲೋಹದ ಟೋಪಿಯನ್ನೂ ಇದೇ ತತ್ತ್ವದ ಮೇಲೆ ಎರಕ ಹೊಯ್ಯುತ್ತಾರೆ.

ಇಷ್ಟೆಲ್ಲ ಇದ್ದೂ ಆ ಕುಶಲಕರ್ಮಿ ನನ್ನ ಪ್ರಶ್ನೆಗೆ ಬೆರಗಾದದ್ದೇಕೆ?

ಈ ಕಸುಬಿನ ಹಳೆಯ ಗಿರಾಕಿಗಳು ಯಾರೆಂದು ತಿಳಿದರೆ ಅದು ಅರ್ಥವಾಗುತ್ತದೆ. ಘಡವಾ ಆಗಲಿ ವೋಜ ಆಗಲಿ ಮಾಡುತ್ತಿದ್ದದ್ದು ತನ್ನ ನೆರೆಯ ಗೊಂಡ, ಮುರಿಯಾ, ಮಾಡಿಯಾ ಮೊದಲಾದ ಬುಡಕಟ್ಟಿನ ಜನರಿಗಾಗಿ. ಕಾಲಿನ ಕಡಗ, ದನದ ಕೊರಳ ಗಂಟೆ, ಧಾನ್ಯ ಅಳೆಯುವ ಪಾವು ಸೇರುಗಳು, ಹಳ್ಳಿಯ ದೇವತೆಯ ಮೂರ್ತಿ, ಮದುವೆಗೆ ಕಳಸ, ದೇವರ ಮುಂದೆ ದೀಪ. ಪ್ರತಿಯೊಂದಕ್ಕೂ ಒಂದು ಕೆಲಸವಿತ್ತು, ಕೆಲಸ ಕೆಟ್ಟರೆ ಕೇಳುವವರಿದ್ದರು. ಪಾವಿನ ಅಳತೆ ತಪ್ಪಿದರೆ ಸಂತೆಯಲ್ಲಿ ಜಗಳ, ಗಂಟೆಯ ನಾದ ಕೆಟ್ಟರೆ ಕಾಡಿನಲ್ಲಿ ದನ ಸಿಗುವುದಿಲ್ಲ, ದೀಪ ಸೋರಿದರೆ ದೇವರ ಮುಂದೆ ಕತ್ತಲೆ. ಮಾಡಿದವನ ಮನೆ ಪಕ್ಕದ ಕೇರಿಯಲ್ಲೇ ಇರುತ್ತಿತ್ತು.

ಅಲ್ಯೂಮಿನಿಯಂ, ಸ್ಟೀಲು, ಪ್ಲಾಸ್ಟಿಕ್ ಹಳ್ಳಿಯ ಸಂತೆಗೆ ಬಂದ ಮೇಲೆ ಆ ಗಿರಾಕಿಗಳು ಕಡಿಮೆಯಾದರು. ಸರ್ಕಾರಿ ಅಳತೆಯ ಮಾಪುಗಳು ಬಂದ ಮೇಲೆ ಪಾವಿಗೆ ಬೆಲೆ ಹೋಯಿತು. ಅದೇ ಹೊತ್ತಿಗೆ ಸ್ವತಂತ್ರ ಭಾರತದ ನಗರಗಳಲ್ಲಿ ಕೈಕಸುಬಿನ ಬಗ್ಗೆ ಹೊಸ ಆಸಕ್ತಿ ಹುಟ್ಟಿತು. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಎಂಪೋರಿಯಂಗಳು, ಮೇಳಗಳು, ಪ್ರಶಸ್ತಿಗಳು ಬಂದವು. ಕೊಂಡಾಗಾಂವ್‌ನ ಜೈದೇವ್ ಬಘೇಲ್ ಅವರಂಥ ಕುಶಲಿಗಳ ಕೃತಿಗಳು ವಿದೇಶಗಳಲ್ಲೂ ಪ್ರದರ್ಶನಗೊಂಡವು. ಈ ನೆರವು ಇಲ್ಲದಿದ್ದರೆ ಎಷ್ಟೋ ಕುಲುಮೆಗಳು ಆರಿಹೋಗುತ್ತಿದ್ದವು ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ಆದರೆ ಹೊಸ ಗಿರಾಕಿ ದೂರದವನು. ಅವನಿಗೆ ಗಂಟೆ ಬಾರಿಸಬೇಕಾಗಿಲ್ಲ, ಪಾವಿನಲ್ಲಿ ಅಳೆಯಬೇಕಾಗಿಲ್ಲ. ನೋಡಲು ಚೆನ್ನಾಗಿದ್ದರೆ ಸಾಕು. ನೋಡಲಷ್ಟೇ ಬೇಕಾದ ದೀಪಕ್ಕೆ ಹಣತೆ ಸೋರಿದರೇನು? ಹೀಗೆ ದೀಪ ಉಳಿಯಿತು, ಅದರ ಪರೀಕ್ಷೆ ನಿಂತಿತು. ಇದಕ್ಕೆ ಕುಶಲಕರ್ಮಿಯನ್ನು ದೂರಲಾರೆ. ಎಣ್ಣೆ ಹಾಕದವರು ನಾವು.

ಈ ಕಸುಬನ್ನು ಶೋಕಿಯ ವಸ್ತುವಾಗಿ ಕಾಣದೆ ವಿದ್ಯೆಯಾಗಿ ಕಂಡವರೂ ಇದ್ದಾರೆ. ಬಂಗಾಳದ ಶಿಲ್ಪಿ ಮೀರಾ ಮುಖರ್ಜಿ (1923–1998) ಜರ್ಮನಿಯ ಮ್ಯೂನಿಕ್‌ನಲ್ಲಿ ಶಿಲ್ಪಕಲೆ ಕಲಿತು ಬಂದವರು. ಆಮೇಲೆ ಅವರು ಹೋದದ್ದು ಬಸ್ತರಿಗೆ, ಘಡವಾಗಳ ಬಳಿ ಕುಳಿತು ಕಲಿಯಲು. ದೇಶದ ಉದ್ದಗಲ ಸುತ್ತಿ ಲೋಹದ ಕಸುಬುದಾರರ ಬಗ್ಗೆ ಅವರು ಬರೆದ ಗ್ರಂಥವನ್ನು ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣಾ ಸಂಸ್ಥೆ 1978ರಲ್ಲಿ ಪ್ರಕಟಿಸಿತು. ಮೇಣದ ಎಳೆಗಳ ಆ ಮೈಯನ್ನೇ ಅವರು ಆಳೆತ್ತರವನ್ನೂ ಮೀರಿದ ತಮ್ಮ ಕಂಚಿನ ಶಿಲ್ಪಗಳಿಗೆ ತಂದರು. ಓದಿದವರು ಓದದವರ ಬಳಿ ಶಿಷ್ಯರಾಗಿ ಹೋದ ಇಂಥ ಉದಾಹರಣೆಗಳು ನಮ್ಮಲ್ಲಿ ಹೆಚ್ಚಿಲ್ಲ.

ಈಗ ಕೊಳ್ಳುವವರಿಗೆ ಎರಡು ಮಾತು. ಇಂದು ಪೇಟೆಯಲ್ಲಿ ಡೋಕ್ರಾದಂತೆ ಕಾಣುವ, ಯಂತ್ರದ ಅಚ್ಚಿನಲ್ಲಿ ಮಾಡಿದ ವಸ್ತುಗಳೂ ಸಿಗುತ್ತವೆ. ಒಂದರಂತೆಯೇ ಹತ್ತು ದೀಪಗಳು ಸಾಲಾಗಿ ನಿಂತಿದ್ದರೆ ಅನುಮಾನಿಸಿ. ಎರಡು ಹೋಳುಗಳನ್ನು ಕೂಡಿಸಿದ ಗೆರೆ ಪಕ್ಕದಲ್ಲಿ ಕಾಣುತ್ತದೆಯೇ ನೋಡಿ. ನಿಜವಾದ ಡೋಕ್ರಾದಲ್ಲಿ ಅದು ಇರುವುದಿಲ್ಲ. ಎಳೆಗಳು ಎಲ್ಲೋ ಒಂದೆಡೆ ಓರೆಯಾಗಿರುತ್ತವೆ, ಒಂದು ಕಡೆ ಮುಗಿದು ಇನ್ನೊಂದು ಶುರುವಾಗಿರುತ್ತದೆ. ಹೊಟ್ಟೆಯ ಕೆಳಗೆ ತೆರೆದಿದ್ದರೆ ಒಳಗಿನ ಸುಟ್ಟ ಮಣ್ಣು ಬೆರಳಿಗೆ ಸಿಗಬಹುದು. ಬಸ್ತರಿನ ವಸ್ತುಗಳನ್ನು ‘ಬೆಲ್ ಮೆಟಲ್’ ಎಂದು ಮಾರುತ್ತಾರೆ. ಆ ಹೆಸರು ತಾಮ್ರ, ತವರ ಸೇರಿದ ಕಂಚಿನದು. ನಿಮ್ಮ ಕೈಗೆ ಬರುವುದು ಬಹುಪಾಲು ಹಳೆಯ ಪಾತ್ರೆ, ನಲ್ಲಿಗಳನ್ನು ಕರಗಿಸಿದ ಹಿತ್ತಾಳೆ. ಅದರಲ್ಲಿ ಮೋಸವೇನಿಲ್ಲ, ಹೆಸರು ಮಾತ್ರ ಬೇರೆ. ಚನ್ನಪಟ್ಟಣದ ಗೊಂಬೆಗೂ ಬೀದರಿನ ಬಿದರಿ ಕಲೆಗೂ ಸಿಕ್ಕಿರುವ ಭೌಗೋಳಿಕ ಗುರುತಿನ ರಕ್ಷಣೆ ಬಸ್ತರಿನ ಡೋಕ್ರಾಕ್ಕೂ ಇದೆ, ಆದಿಲಾಬಾದಿನದಕ್ಕೆ 2018ರಲ್ಲಿ ದೊರೆಯಿತು. ಆದರೆ ಕಾನೂನು ಹೆಸರನ್ನು ಕಾಯಬಲ್ಲದು, ಗಿರಾಕಿಯನ್ನು ತರಲಾರದು.

ಬೆಲೆಯ ಬಗ್ಗೆ ಚೌಕಾಸಿ ಮಾಡುವ ಮೊದಲು ಒಂದು ಲೆಕ್ಕ ಹಾಕಿ. ಹಿತ್ತಾಳೆಯ ಬೆಲೆ, ಜೇನುಮೇಣದ ಬೆಲೆ, ಕುಲುಮೆಗೆ ಸೌದೆ, ಮೇಳಕ್ಕೆ ಬರುವ ರೈಲಿನ ಖರ್ಚು. ಇವನ್ನೆಲ್ಲ ಕಳೆದು ಉಳಿಯುವುದೇ ದಿನಗಟ್ಟಲೆ ಎಳೆ ಸುತ್ತಿದ ಬೆರಳುಗಳ ಕೂಲಿ. ಎರಕ ಕೆಟ್ಟರೆ ಅದೂ ಇಲ್ಲ. 2020ರಲ್ಲಿ ಸಾಂಕ್ರಾಮಿಕದಿಂದ ಮೇಳಗಳು ನಿಂತುಹೋದಾಗ, ದೂರದ ಗಿರಾಕಿಯನ್ನೇ ನಂಬಿದ ಕಸುಬಿಗೆ ಪಕ್ಕದಲ್ಲಿ ಯಾರೂ ಇಲ್ಲ ಎಂಬುದು ಎಲ್ಲರಿಗೂ ಕಂಡಿತು.

ಹಾಗಾದರೆ ಮಾಡಬೇಕಾದದ್ದೇನು? ನಾನು ಹೇಳುವುದು ಸಣ್ಣ ಮಾತು. ದೀಪ ಕೊಳ್ಳುವಾಗ ಸ್ವಲ್ಪ ನೀರು ಕೇಳಿ. ಹಣತೆಗೆ ತುಂಬಿ ಕಾಗದದ ಮೇಲಿಟ್ಟು ನೋಡಿ. ಸೋರಿದರೆ ಕೋಪಿಸಿಕೊಳ್ಳಬೇಡಿ, ಸೋರದ್ದನ್ನು ಕೇಳಿ. ಹತ್ತು ಮಂದಿ ಹೀಗೆ ಕೇಳಿದರೆ ಮುಂದಿನ ಸಲ ಹಣತೆಯ ತಳಕ್ಕೆ ಎಳೆ ಸುತ್ತುವಾಗ ಆ ಕೈ ಒಂದು ಕ್ಷಣ ಹೆಚ್ಚು ನಿಲ್ಲುತ್ತದೆ. ಮನೆಗೆ ತಂದ ಮೇಲೆ ಹಚ್ಚಿ. ಎಳೆಗಳ ನಡುವೆ ಮಸಿ ಕೂರುತ್ತದೆ ಎಂದು ಹೆದರಬೇಡಿ. ಹುಣಸೆಹುಳಿ ಹಚ್ಚಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ತೊಳೆದು ಒರೆಸಿದರೆ ಹೋಗುತ್ತದೆ. ಸ್ವಲ್ಪ ಉಳಿದರೂ ಚೆಂದವೇ. ನಮ್ಮ ಅಜ್ಜಿಯರ ಕಾಲುದೀಪಗಳಲ್ಲಿ ಮಸಿ ಇರಲಿಲ್ಲವೆ?

ಮರುವರ್ಷ ಅದೇ ಮೇಳಕ್ಕೆ ಹೋದಾಗ ಆ ಕುಶಲಕರ್ಮಿಯೇ ನನ್ನನ್ನು ಗುರುತು ಹಿಡಿದರು. ಹೆಸರು ನೆನಪಿರಲಿಲ್ಲ. ಪಕ್ಕದಲ್ಲಿದ್ದ ಮಗನಿಗೆ, “ಇವರು ಎಣ್ಣೆ ಹಾಕುವವರು” ಎಂದು ಪರಿಚಯಿಸಿದರು. ಕೇಳದೆಯೇ ಚೊಂಬಿನಲ್ಲಿ ನೀರು ತರಿಸಿದರು.

ಇಷ್ಟು ಹೊತ್ತು ಈ ಆನೆ ಸುಮ್ಮನೆ ನಿಂತಿದೆ. ಮುಂದಿನ ಸಾಲಿನಲ್ಲಿರುವ ಮಕ್ಕಳು ಯಾರಾದರೂ ಬನ್ನಿ. ಎಣ್ಣೆ ಇದೆ, ಬತ್ತಿ ಇದೆ. ಮೊದಲು ಬೆನ್ನಿನ ಹಣತೆ ಹಚ್ಚಿ, ಆಮೇಲೆ ಸೊಂಡಿಲಿನದು.